ಭಾರಕ್ಕೆ ಕೂತವಳು

ಬೋಲ್ಟಿನ ವಿಷಯದಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಯಾರ ಮಾತನ್ನೂ ಕೇಳುವವನಲ್ಲ. ಅವತ್ತು ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದು ಹಿಂಭಾಗ ಕುಸಿದು ರಿಪೇರಿಗೆ ಬಂದಿತ್ತು. ಹಿಂದಿನ ಚಕ್ರದ ಬಳಿ ಕಾರಿನ ಭಾರ ಹೊರುವ, ತುಕ್ಕು ಹಿಡಿದಿದ್ದ ಕಮಾನ್ ಪಟ್ಟೆಯನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಬೋಲ್ಟುಗಳನ್ನು ಮಾತ್ರ ಬಿಗಿಯಲಿಲ್ಲ. ಕಾರು ಜಾಕಿಯ ಮೇಲಿರುವಾಗ ಬಿಗಿದರೆ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರ ನೆಲಕ್ಕಿಳಿದು, ಸೀಟಿನಲ್ಲಿ ಆಳು ಕೂತ ಮೇಲೆಯೇ ಬಿಗಿಯಬೇಕು ಎಂಬುದು ಅವನ ಹಟ.

ಜಾಕಿ ಇಳಿಸಿ, ಗ್ಯಾರೇಜಿನ ಹಿಂದಿನ ಮನೆಯತ್ತ ಕೂಗಿದ: "ಏ ಇವಳೇ, ಬಾ ಇಲ್ಲಿ."

ಯಾಕೆ ಎಂದು ಕೇಳುವುದನ್ನು ಹೆಂಡತಿ ಎಂದೋ ಬಿಟ್ಟಿದ್ದಳು. ಬಿಡಿಸುತ್ತಿದ್ದ ಬಟಾಣಿ ಬುಟ್ಟಿಯ ಸಮೇತ ಬಂದು ಸೀಟಿನಲ್ಲಿ ಕೂತಳು. ಅವನು ಸ್ಪಾನರ್ ಹಿಡಿದು ಕಾರಿನಡಿಯ ಗುಂಡಿಗಿಳಿದ.

"ಬುಟ್ಟಿ ಯಾಕೆ ತಂದೆ?"

"ನನ್ ಭಾರ ಸಾಲ್ದೆ ಹೋದ್ರೆ ಅಂತ."

ಮುಂದಿನ ಗಾಜಿನಾಚೆ ಗ್ಯಾರೇಜಿನ ಗೋಡೆಯಿತ್ತು. ಅದನ್ನೇ ನೋಡುತ್ತ ಅವಳು ಬಟಾಣಿ ಬಿಡಿಸಿದಳು.

"ಮದ್ವೆ ಆದಾಗಿಂದ ಎಷ್ಟೊಂದು ಕಾರಲ್ಲಿ ಕೂರಿಸಿದ್ರಿ. ಒಂದ್ರಲ್ಲಾದ್ರೂ ಬೀದಿ ಕೊನೆವರೆಗೆ ಕರ್ಕೊಂಡು ಹೋಗಿದ್ದೀರಾ?"

ಕೆಳಗೆ ಸ್ಪಾನರಿನ ಸದ್ದು ನಿಂತಿತು.

"ಅಲ್ಲಾಡ್ಬೇಡ ಕಣೇ," ಅಂದ. "ಇನ್ನೊಂದು ಬೋಲ್ಟ್ ಇದೆ."