ಮಧ್ಯಾಹ್ನದ ರೊಟ್ಟಿ

ಮದುವೆಯಾಗಿ ಗಂಡನ ಊರು ಸೊರಡಿಗೆ ಬಂದ ಮೊದಲ ಬೆಳಗ್ಗೆ ಐದು ಗಂಟೆಗೇ ದಿಗಿಲುಬಿದ್ದು ಎದ್ದು ಕೂತೆ. ಓಣಿಯ ಎಲ್ಲ ಮನೆಗಳಿಂದಲೂ ಪಟಪಟ ಹೊಡೆಯುವ ಸದ್ದು. ಯಾರಿಗೋ ಏಟು ಬೀಳುತ್ತಿದೆ ಎಂದು ಗಂಡನನ್ನು ಅಲುಗಾಡಿಸಿ ಎಬ್ಬಿಸಿದರೆ, ಅವರು ಮಗ್ಗುಲು ಬದಲಿಸಿ, "ರೊಟ್ಟಿ ಬಡೀಲಿಕ್ಕತ್ಯಾರ, ಮಲ್ಕೊ" ಎಂದರು.

ನಾನು ಮಂಡ್ಯದವಳು. ನಮ್ಮಲ್ಲಿ ಮುದ್ದೆ ಸದ್ದಿಲ್ಲದೆ ತಟ್ಟೆಗೆ ಬಂದು ಕೂರುತ್ತದೆ. ಇಲ್ಲಿ ಹೊಲಕ್ಕೆ ಹೋಗುವವರ ಬುತ್ತಿಗೆ ಬಿಸಿಲೇರುವ ಮುನ್ನ ಜೋಳದ ರೊಟ್ಟಿ ಆಗಬೇಕು. ಹೊಸ ಸೊಸೆ ಎಂಥವಳೆಂದು ಓಣಿಯವರು ಆ ಸದ್ದಿನಲ್ಲೇ ಅಳೆಯುತ್ತಾರೆ. ಮುಚ್ಚಂಡಿಯ ಕನ್ನಡ ಶಾಲೆಯಲ್ಲಿ ಮೇಷ್ಟರಾಗಿರುವ ನನ್ನ ಗಂಡ ಮದುವೆಗೆ ಮೊದಲು ಎಲ್ಲವನ್ನೂ ಹೇಳಿದ್ದರು, ಇದೊಂದನ್ನು ಬಿಟ್ಟು.

ನನಗೋ ಆರು ವರ್ಷದಿಂದ ಸಂಧಿವಾತ. ಬೆಳಗ್ಗೆ ಬೆರಳುಗಳು ತುಕ್ಕು ಹಿಡಿದ ಚಿಲಕದಂತೆ ಬಿಗಿದಿರುತ್ತವೆ; ಹನ್ನೊಂದರ ಹೊತ್ತಿಗೆ ತಾವಾಗಿಯೇ ಸಡಿಲವಾಗುತ್ತವೆ. ನೋಡುವವರಿಗೆ ಏನೂ ಕಾಣದು. ಮಂಡ್ಯದಲ್ಲಿ ನನ್ನ ಕಾಯಿಲೆಯನ್ನು ಎಲ್ಲರೂ ನಂಬಿದ್ದರು, ಎಷ್ಟೆಂದರೆ ಅಮ್ಮ ಒಂದು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. ಇಲ್ಲಿ ಯಾರೂ ನಂಬಲಿಲ್ಲ.

"ಅನ್ನ ತಿಂದು ಬೆಳದ ಕೈ, ಮತ್ತೇನಾಗತೈತಿ? ಎರಡು ತಿಂಗಳ ರೊಟ್ಟಿ ತಿನ್ಲಿ, ಗಟ್ಟಿ ಆಗ್ತಾವ" ಎಂದರು ಅತ್ತೆ. ನಾನು ಮುದ್ದೆ ತಿಂದವಳು ಎಂದು ಎಷ್ಟು ಹೇಳಿದರೂ, ಇವರ ಲೆಕ್ಕದಲ್ಲಿ ದಕ್ಷಿಣದವರೆಲ್ಲ ಅನ್ನದವರೇ. ಪಕ್ಕದ ಮನೆಯ ಗೌರಕ್ಕ ಔಷಧಿ ಎಂದು ಶೇಂಗಾ ಚಟ್ನಿಪುಡಿ ತಂದುಕೊಟ್ಟಳು. ಚಪ್ಪರಿಸಿ ತಿಂದೆ, ದಪ್ಪಗಾದೆ. ಬೆಳಗಿನ ರೊಟ್ಟಿ ಮಾತ್ರ ಕೈಯಲ್ಲೇ ಹರಿದುಹೋಗುತ್ತಿತ್ತು. "ಮಾಸ್ತರ ಹೇಣ್ತಿ ಮೈಗಳ್ಳಿ ಅದಾಳ" ಎಂದು ಯಾರೋ ನಲ್ಲಿಯ ಬಳಿ ಅಂದರು. ಗಡಿಯಾಚೆಯ ಈ ಊರಿಗೆ ಬರುವ ಬಸ್ಸಿನ ಫಲಕದ ಮರಾಠಿ ನನಗೆ ಅರ್ಥವಾಗುತ್ತಿರಲಿಲ್ಲ. ಈ ಕನ್ನಡ ಚೆನ್ನಾಗಿಯೇ ಅರ್ಥವಾಯಿತು. ಕೊಡ ಅಲ್ಲೇ ಬಿಟ್ಟು ಬಂದು ಅತ್ತುಬಿಟ್ಟೆ.

ಜೋಳದ ಹಿಟ್ಟನ್ನು ಕುದಿಯುವ ನೀರು ಹಾಕಿ ನಾದುತ್ತಾರೆ. ಒಂದು ಬೆಳಗ್ಗೆ ಆ ಸುಡುವ ಹಿಟ್ಟಿನೊಳಗೆ ಎರಡೂ ಕೈ ಹೂತು, ಕಣ್ಣು ಮುಚ್ಚಿ ಕೂತಿದ್ದೆ. ಎಂಥ ಹಿತ!

"ಕೈ ಸುಡಂಗಿಲ್ಲೇನ?" ಅತ್ತೆ ಗಾಬರಿಯಾಗಿ ನನ್ನ ಕೈ ಎಳೆದು, ಹಿಟ್ಟು ಒರೆಸಿ, ಒಂದೊಂದೇ ಬೆರಳಿನ ಗೆಣ್ಣು ಒತ್ತಿದರು. ನಾನು ಚೀರಿದೆ. ಅವರು ಒತ್ತುವುದನ್ನು ನಿಲ್ಲಿಸಿದರು, ಕೈ ಬಿಡಲಿಲ್ಲ.

"ಯವ್ವಾ, ಇಷ್ಟ ಬ್ಯಾನಿ ಇಟ್ಕೊಂಡು ದಿನಾ ಬಡಿಯಾಕ ಕುಂದರ್ತಿದ್ದೇನ?"

ಮಾರನೆಯ ದಿನದಿಂದ ಬುತ್ತಿಯ ರೊಟ್ಟಿ ಅತ್ತೆಯದು, ಬಿಸಿ ಹಿಟ್ಟು ನಾದುವುದು ನನ್ನದು. ಮಧ್ಯಾಹ್ನ ಎರಡಕ್ಕೆ ಒಲೆ ನನ್ನದೇ. ಆ ಹೊತ್ತಿನಲ್ಲಿ ಖಡಕ್ ರೊಟ್ಟಿ ಕಲಿತೆ: ಕಾಗದದಷ್ಟು ತೆಳ್ಳಗೆ ಬಡಿದು, ಗರಿಗರಿಯಾಗುವಂತೆ ಒಣಗಿಸಿಟ್ಟರೆ ತಿಂಗಳು ಕೆಡದು. ಭಾನುವಾರ ಮಾತ್ರ ರಜೆ. ಅಂದು ಮಿರಜಿನ ಡಾಕ್ಟರು ಕೊಟ್ಟ ವಾರಕ್ಕೊಮ್ಮೆಯ ಮಾತ್ರೆ ನುಂಗಿ, ವಾಕರಿಸುತ್ತ ಮಲಗುತ್ತೇನೆ. ಈಗ ಯಾರೂ ಏಕೆಂದು ಕೇಳುವುದಿಲ್ಲ.

ನಾದಿನಿಯ ಕುಬುಸಕ್ಕೆ, ಎಂದರೆ ಸೀಮಂತಕ್ಕೆ, ಬಂದವರು ನನ್ನ ರೊಟ್ಟಿಯ ರಾಶಿಯನ್ನು ಕರಕರ ಮುರಿದು ತಿಂದರು. ವಳಸಂಗದ ಬೀಗರ ಅಜ್ಜಿ ಕೇಳಿದಳು, "ಭಾಳ ಚಲೋ ಆಗ್ಯಾವ, ಯಾರ ಬಡದಾರ್ರಿ?"

"ನಮ್ಮ ಸೊಸಿರಿ" ಎಂದರು ಅತ್ತೆ, ಗೌರಕ್ಕನಿಗೂ ಕೇಳುವಷ್ಟು ಗಟ್ಟಿಯಾಗಿ. "ಮುಂಜಾನಿ ಆಕಿ ಕೈ ಏಳಂಗಿಲ್ರಿ, ಬ್ಯಾನಿ ಐತಿ. ಮಧ್ಯಾಹ್ನ ಬಂದು ನೋಡ್ರಿ ಆಕಿ ಕೈ!"

ಪದಕ ಕೊರಳಿಗೆ ಬಿದ್ದವರಿಗೂ ಅಷ್ಟು ಹಿಗ್ಗಾಗಿರಲಾರದು.

ಈಚೆಗೆ ಮಂಡ್ಯಕ್ಕೆ ಹೋಗಿದ್ದೆ. ಅಮ್ಮ ಎಂದಿನಂತೆ ಲೋಟ ಕಿತ್ತುಕೊಂಡು, "ಕೂತ್ಕೊ ಕಣವ್ವ, ನಾನಿಲ್ವಾ" ಎಂದಳು. ಕೂತೆ, ಸುಖವಾಗಿಯೇ ಇತ್ತು. ಮರುದಿನ ಐದಕ್ಕೇ ಎಚ್ಚರವಾಯಿತು. ಬೀದಿಯಲ್ಲಿ ಒಂದು ಸದ್ದೂ ಇಲ್ಲ. ಬಿಗಿದ ಬೆರಳಿಗೆ ಬಿಸಿ ಹಿಟ್ಟು ಬೇಕೆನಿಸಿತು. ಅಮ್ಮನ ಅಡುಗೆಮನೆಯಲ್ಲಿ ಜೋಳವೇ ಇರಲಿಲ್ಲ.

"ಮುಂದಿನ ಸಲ ಹಿಟ್ಟು ತರ್ತೀನಮ್ಮ. ಮಧ್ಯಾಹ್ನ ನಿಂಗೆ ನಾನೇ ರೊಟ್ಟಿ ಬಡಿದು ಹಾಕ್ತೀನಿ" ಎಂದೆ.

ಅಮ್ಮ ನನ್ನ ಕೈ ಹಿಡಿದು ನೋಡಿದಳು. ನಂಬಲಿಲ್ಲ.