ಮ್ಯಾಗಣ್ಣನ ಮರ

ಇವತ್ತು ಬೆಳಿಗ್ಗೆ ಕಾಫಿ ಲೋಟ ಬಾಯಿಗಿಡುವಷ್ಟರಲ್ಲಿ ಹೆಂಚಿನ ಮೇಲೆ ಒಂದು ಒಣ ತೆಂಗಿನ ಗರಿ ದಡಾರನೆ ಬಿತ್ತು. ಬಿದ್ದದ್ದು ಗರಿಯೆಂದು ತಿಳಿಯುವ ಮೊದಲೇ ನಾನು ನಡುಮನೆಯ ಕಂಬ ತಬ್ಬಿಕೊಂಡಿದ್ದೆ. ನನ್ನ ಜಾಯಮಾನವೇ ಅದು. ಸದ್ದು ಕಿವಿಗಿಂತ ಮೊದಲು ಕಾಲಿಗೆ ಮುಟ್ಟುತ್ತದೆ. ಕಾಯಿ ಕೀಳಲು ಬಂದಿದ್ದ ತಿಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿದ.

"ಮ್ಯಾಗಣ್ಣ ಮನೆ ಮ್ಯಾಕೇ ವಾಲ್ಕತಾವ್ನೆ ಕಣಯ್ಯ. ಕಡ್ದಾಕ್ಬುಡಾನಾ?"

ಮ್ಯಾಗಣ್ಣನೆಂದರೆ ನಮ್ಮ ದಾಯಾದಿಯಲ್ಲ, ತೆಂಗಿನ ಮರ. ಅದಕ್ಕೆ ಆ ಹೆಸರು ಬಂದದ್ದು ನನ್ನ ಇಂಗ್ಲಿಷಿನಿಂದ.

ಆಗ ನಾನು ಲೋಯರ್ ಸೆಕೆಂಡರಿ ಮುಗಿಸಿ ಮೀಸೆಗೆ ಎಣ್ಣೆ ಹಚ್ಚುತ್ತಿದ್ದ ಕಾಲ. ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆ ಕೆಲಸ ಖಾಲಿ ಬಿದ್ದಿತ್ತು. ಕೃಷ್ಣರಾಜಪೇಟೆ ಕಡೆಯ ನನ್ನ ಸೋದರಮಾವ, "ನಿನ್ ಮಗ ಕಚೇರಿ ಕುರ್ಚಿ ಮ್ಯಾಲೆ ಕುಂತ್ಕಳ್ಲಿ ಕಣಕ್ಕ, ಮಾರ್ನೆ ದಿನವೇ ಪುಟ್ಟಿನ ಧಾರೆ ಎರ್ದುಕೊಡ್ತೀನಿ" ಎಂದು ಅವ್ವನಿಗೆ ಮಾತು ಕೊಟ್ಟಿದ್ದರು. ಮಾವನ ಮಗಳು ಪುಟ್ಟಮ್ಮನನ್ನು ನಾನು ಮನಸ್ಸಿನಲ್ಲಿ ಎಂದೋ ಮದುವೆಯಾಗಿಬಿಟ್ಟಿದ್ದೆ. ಬಾಕಿ ಇದ್ದದ್ದು ಕುರ್ಚಿಯೊಂದೇ. ಕುರ್ಚಿಗೆ ಭಾರವಾದ ಇಂಗ್ಲಿಷ್ ಬೇಕೆಂದು ಊರೆಲ್ಲ ಹೇಳಿತು. ಒಂದು ಹಳೇ ನಿಘಂಟು ಸಂಪಾದಿಸಿ ಕೂತೆ. ಆದರೆ ಕಲಿತ ಪದಗಳೆಲ್ಲ ಮಧ್ಯಾಹ್ನದ ಮುದ್ದೆಯ ಜೊತೆ ಸಲೀಸಾಗಿ ಇಳಿದುಹೋಗುತ್ತಿದ್ದವು.

ಗೂಟಕ್ಕೆ ಕಟ್ಟದ ಕರು ನಿಲ್ಲುತ್ತದೆಯೇ, ನೀವೇ ಹೇಳಿ. ನಮ್ಮ ಹಿತ್ತಿಲಿನ ತೋಟದಲ್ಲಿ ಮರಗಳಿಗೆ ಹೆಸರಿಡುವ ರೂಢಿ ಮೊದಲೇ ಇತ್ತು: ಬಾಣಂತಿ ಮರ, ದೇವರ ಮರ, ಅಜ್ಜ ನೆಟ್ಟ ಮರ. ಇವಕ್ಕೇ ಪದಗಳನ್ನು ಕಟ್ಟಿಬಿಟ್ಟರೆ? ಸುಣ್ಣ ಕಲಸಿ, ನಿಘಂಟಿನ ಸಾಲಿನ ಪ್ರಕಾರ, ಮರಕ್ಕೊಂದು ಪದ ಬರೆದೆ. ಮರದ ಗುಣ ನೋಡಬೇಕೆಂಬ ಬುದ್ಧಿ ಮಾತ್ರ ಹುಟ್ಟಲಿಲ್ಲ. ಧಾರಾಳ ಮನಸ್ಸಿನವನೆಂಬ ಅರ್ಥದ 'ಮ್ಯಾಗ್ನಾನಿಮಸ್' ಹೋಗಿ ಬಿದ್ದದ್ದು ಮನೆಗೆ ಅಂಟಿಕೊಂಡ ಮರಕ್ಕೆ. ಬಚ್ಚಲ ನೀರನ್ನೆಲ್ಲ ಕುಡಿದು ಒಂದು ಕಾಯಿಯನ್ನೂ ಕೊಡದ ಮರ ಅದು. ಹಟಮಾರಿಯೆಂಬ 'ಅಬ್‌ಸ್ಟಿನೇಟ್' ಸಿಕ್ಕಿದ್ದು, ಮಕ್ಕಳೂ ಏರಬಹುದಾದಷ್ಟು ಬಾಗಿದ ಸಾಧು ಮರಕ್ಕೆ.

"ಮರುಕ್ಕೆಲ್ಲ ನಾಮ ಬಳೀತಿದ್ದೀಯಲ್ಲೋ, ನಮ್ಗೂ ಬಳ್ದುಬುಟ್ಟೀಯ ಕಣ್ಲಾ!" ಎಂದು ಬೈದ ಅವ್ವ, ವಾರ ಕಳೆಯುವುದರೊಳಗೆ ತಾನೇ ಆ ಹೆಸರುಗಳನ್ನು ಪಳಗಿಸಿಕೊಂಡಳು. "ಅಬ್ಸಟ್ಟೀಲಿ ಎರಡು ಎಳ್ನೀರು ಕೆಡವ್ಲಾ. ಈ ಮ್ಯಾಗಣ್ಣಂಗೆ ಏನು ಬಂದದೋ, ದಂಡಪಿಂಡ!"

ಕೆಲಸಕ್ಕೆಂದು ತಾಲ್ಲೂಕಿನ ದೊರೆ ಅಮಲ್ದಾರರ ಮುಂದೆ ನಿಂತ ದಿನ ಅಂಗಿಯೊಳಗೆ ಬೆವರು ಹೊಳೆಯಾಗಿ ಹರಿಯುತ್ತಿತ್ತು. ಅವರು ಕನ್ನಡಕದ ಮೇಲಿಂದ ನೋಡಿ, "ಮ್ಯಾಗ್ನಾನಿಮಸ್ ಅಂದರೇನಪ್ಪ?" ಎಂದರು. ಎಂಥ ಅದೃಷ್ಟ! ಕಣ್ಣು ಮುಚ್ಚಿದೆ. ಸುಣ್ಣದ ಅಕ್ಷರಗಳ ಸಮೇತ ಮರ ಎದುರಿಗೆ ಬಂದು ನಿಂತಿತು. ಪಕ್ಕದಲ್ಲಿ ಬೈಯುತ್ತಿರುವ ಅವ್ವ.

"ಏನನ್ನೂ ಕೊಡದವನು ಸ್ವಾಮಿ. ನೀರು ಮಾತ್ರ ಕುಡೀತಾನೆ."

ಅವರು ಕನ್ನಡಕ ತೆಗೆದರು. "ಅಬ್‌ಸ್ಟಿನೇಟ್?"

"ಬಹಳ ಸಾಧು ಸ್ವಾಮಿ. ಯಾರು ಬೇಕಾದರೂ ಹತ್ತಬಹುದು."

ಜವಾನ ನಗು ತಡೆಯಲಾರದೆ ಹೊರಗೋಡಿದ. ಅಮಲ್ದಾರರು ದೊಡ್ಡವರು, ನಗಲಿಲ್ಲ. "ಹೋಗಿ ಬನ್ನಿ" ಎಂದರು. ಹೋದೆ. ಮತ್ತೆ ಬರುವ ಸಂದರ್ಭ ಒದಗಲಿಲ್ಲ.

ಸುದ್ದಿ ಕೃಷ್ಣರಾಜಪೇಟೆಗೆ ನನಗಿಂತ ಬೇಗ ತಲುಪಿತು. ಅವ್ವ ನನ್ನನ್ನು ಹಿಂದಿಟ್ಟುಕೊಂಡು ಮಾವನ ಮನೆಗೆ ಹೋದಾಗ ಅವರು ಎಲೆಯಡಿಕೆ ತಟ್ಟೆಯನ್ನೇ ಮುಂದೆ ತಳ್ಳಲಿಲ್ಲ. "ಇಂಗ್ಲೀಸ್ನೆಲ್ಲ ಮರುಕ್ಕೆ ಕಲ್ಸಿ, ತಾನು ಬರಿಗೈಲಿ ಬಂದವ್ನಲ್ಲಕ್ಕ ನಿನ್ ಮಗ!" ಆಗ ಬಾಗಿಲ ಹಿಂದಿನಿಂದ ಪುಟ್ಟಮ್ಮನ ದನಿ ಬಂತು: "ಕುರ್ಚೀಗಾ ಅಪ್ಪ ನೀನು ನನ್ನ ಕೊಡ್ತಿದ್ದುದ್ದು?"

ಮಾವ ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ ತಟ್ಟೆ ನಿಧಾನವಾಗಿ ಈ ಕಡೆಗೆ ಜರುಗಿತು.

ಅವ್ವ ಈಗಿಲ್ಲ. ನಾನು ಕೊಬ್ಬರಿ ವ್ಯಾಪಾರದಲ್ಲಿ ಹೊಟ್ಟೆ ಹೊರೆಯುತ್ತ, ಸಿಕ್ಕಿದ್ದಕ್ಕೆಲ್ಲ ಚಿಂತಿಸುತ್ತ ತಲೆ ನರೆಸಿಕೊಂಡಿದ್ದೇನೆ. ಇಂದಿನ ಚಿಂತೆ ಮ್ಯಾಗಣ್ಣ. "ಕಡೀಲಾ ತಿಮ್ಮ, ಇವತ್ತೇ ಕಡಿ" ಎನ್ನುವಷ್ಟರಲ್ಲಿ ಪುಟ್ಟಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದಳು.

"ಅಲ್ಲ, ಆ ಹೆಸ್ರಿಗೆ ದಿಟವಾದ ಅರ್ಥ ಏನು?"

"ಧಾರಾಳ ಮನಸ್ಸು. ತಪ್ಪು ಹಿಡಿಯದೆ ಇರೋರು."

ಅವಳು ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಆಮೇಲೆ ನನ್ನನ್ನೂ ಹಾಗೇ ನೋಡಿದಳು.

"ಹೆಸ್ರು ಇಟ್ಟೋರು ನೀವು, ಅದ್ಕೇನು ಗೊತ್ತು ಪಾಪ? ಕಡೀಬ್ಯಾಡ ಬುಡು ತಿಮ್ಮ, ಅಗ್ಗ ಆಕಿ ಆ ಕಡೀಕೆ ಎಳ್ದು ಕಟ್ಟು. ಕುರ್ಚಿ ತರ್ದೋರ್ನೇ ಇಟ್ಕಂಡಿವ್ನಿ, ಕಾಯಿ ಬುಡ್ದಿರೋ ಮರ ಎಚ್ಚಾ?"

ಇನ್ನು ಯಾವ ಅಮಲ್ದಾರರು ಬೇಕಾದರೂ ಆ ಪದದ ಅರ್ಥ ಕೇಳಲಿ. ಕಣ್ಣು ಮುಚ್ಚಿದರೆ ನನ್ನೆದುರು ಬಂದು ನಿಲ್ಲುವುದು ಮರವಲ್ಲ.

ತಿಮ್ಮ ಹಗ್ಗ ಬಿಗಿದ. ಗಂಟು ಗಟ್ಟಿಯಾಗಿದೆಯೆಂದು ಅವನೂ ಹೇಳಿದ, ಅವಳೂ ಹೇಳಿದಳು. ನಾನು ಒಪ್ಪಿಕೊಂಡು ತಲೆಯಾಡಿಸಿದೆ. ಆಮೇಲೆ ಒಳಗೆ ಹೋಗಿ ನನ್ನ ಮಂಚವನ್ನು ಮರದಿಂದ ದೂರದ ಆಚೆ ಗೋಡೆಗೆ ಎಳೆದುಕೊಂಡೆ.