ಅಜ್ಜಿಯ ಕುತ್ತಿಗೆಯ ನರಹುಲಿಗಳು

ಆಗ ನಾವು ಠಾಣೆ ಶಹರದ ಕೋಪರಿಯಲ್ಲಿ ಒಂದೇ ಖೋಲಿಯ ಮನೆಯಲ್ಲಿದ್ದೆವು. ಅಪ್ಪನಿಗೆ ಹೋಟೆಲಿನಲ್ಲಿ ಕೆಲಸ, ಅಮ್ಮನಿಗೆ ಹೊಲಿಗೆ ಮೆಷಿನ್ನು. ಕುಂದಾಪುರದ ಕಡೆಯಿಂದ ಬಂದು ನಮ್ಮ ಜೊತೆಗೇ ಉಳಿದ ಅಪ್ಪನ ಅಮ್ಮ ನನ್ನ ಪಾಲಿನ ಹಾಸಿಗೆ, ಹೊದಿಕೆ ಎಲ್ಲ. ಅವಳ ಕುತ್ತಿಗೆಯ ಸುತ್ತ ನರಹುಲಿಗಳು ಜೋತಾಡುತ್ತಿದ್ದವು, ಕೆಲವು ಎಳ್ಳಿನಷ್ಟು, ಕೆಲವು ಕಡಲೆಬೇಳೆಯಷ್ಟು. ಕೆನ್ನೆಯ ಮೇಲೆ ಮೇಣ ಅಂಟಿಸಿದ ಹಾಗೆ ಕಂದು ಗಂಟುಗಳು. ಮಲಗುವಾಗ ಅವನ್ನೆಲ್ಲ ಲಿಫ್ಟಿನ ಗುಂಡಿಯಂತೆ ಒತ್ತುವುದೇ ನನ್ನ ಆಟ.

"ಒತ್ತ್ ಹೆಣೆ, ಒತ್ತ್. ಎಷ್ಟನೇ ಮಾಳಿಗಿಗ್ ಹೋಯ್ಕ್?" ಎಂದು ಅಜ್ಜಿ ನಗುತ್ತಿದ್ದಳು. ಅವಳ ಕುಂದಾಪುರದ ಮಾತಿನಲ್ಲಿ ಹೆಣೆ ಅಂದರೆ ಹುಡುಗಿ. ತೆಂಗಿನೆಣ್ಣೆ, ವೀಳ್ಯದೆಲೆ ಬೆರೆತ ವಾಸನೆಯ ಕುತ್ತಿಗೆ. ಅಂಥದ್ದೊಂದಕ್ಕೆ ಜೋತುಬಿದ್ದು ಮಲಗಿದವರು ನಿಮ್ಮಲ್ಲೂ ಇರಬಹುದು.

ಚೌತಿಗೆ ನಾವೆಲ್ಲ ಲೋಕಲ್ ಹತ್ತಿ ವಾಶಿಯ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆವು. ಅವರದು ಮಾರ್ಕೆಟಿನಲ್ಲಿ ಈರುಳ್ಳಿ ವ್ಯಾಪಾರ, ಲಿಫ್ಟಿರುವ ಸೊಸೈಟಿಯಲ್ಲಿ ಮನೆ. ಅಲ್ಲಿ ಗಣಪತಿಗೆ ಪಂಚಕಜ್ಜಾಯ ಕಲಸುವುದು ಅಜ್ಜಿಯ ಹಕ್ಕು. ಹುರಿದ ಎಳ್ಳು, ಬೆಲ್ಲ, ಏಲಕ್ಕಿಯ ಘಮ ಲಿಫ್ಟಿನವರೆಗೂ ಬರುತ್ತಿತ್ತು. ಆ ವರ್ಷ ಅಜ್ಜಿ ಬೋಗುಣಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಮ್ಮ ಬಂದು ಅದನ್ನು ಪಕ್ಕಕ್ಕೆ ಎಳೆದಳು. ಪಕ್ಕದ ಮನೆಯ ಹೆಂಗಸರೆಲ್ಲ ಅಲ್ಲೇ ಇದ್ದರು.

"ಅತ್ತೆ, ನೀವು ಕೈ ಹಾಕ್ಬೇಡಿ. ಸೊಸೈಟಿಯವರೆಲ್ಲ ತಿನ್ನುದು. ನಿಮ್ಮ ಕುತ್ತಿಗೆದು ಅಂಟ್ತದೆ ಅಂತ ಹೇಳ್ತಾರೆ. ಒಳಗೆ ಹೋಗಿ ಕೂತ್ಕೊಳ್ಳಿ."

ಅಜ್ಜಿ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಬೆಡ್‌ರೂಮಿಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತಳು. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಕಡೆ ನರಹುಲಿ ಉದುರಲಿ ಎಂದು ದೇವರಿಗೆ ಹಿಡಿಸೂಡಿ, ಅಂದರೆ ಕಡ್ಡಿಪೊರಕೆ, ಹರಕೆ ಹೇಳುವುದುಂಟು. ಇದನ್ನು ಹೇಳಿಕೊಟ್ಟವಳೂ ಅಜ್ಜಿಯೇ. ಸೂಡಿ ಕೊಟ್ಟರೆ ಉದುರಿಸುವ ದೇವರಿಗೆ ಬರಿಸುವುದೇನು ಕಷ್ಟ ಎಂದು ನನ್ನ ಲೆಕ್ಕ. ದೊಡ್ಡಮ್ಮನ ಬಾತ್‌ರೂಮಿನ ಒದ್ದೆ ಪೊರಕೆಯನ್ನೇ ಎತ್ತಿ ತಂದು, ಗಣಪತಿಯ ಮುಂದೆ ಮೋದಕದ ತಟ್ಟೆಯ ಪಕ್ಕ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಕೈ ಮುಗಿದೆ.

"ದೇವ್ರೇ, ದೊಡ್ಡಮ್ಮನ ಕುತ್ತಿಗೆ ತುಂಬ ನರೂಲಿ ಬರ್ಲಿ. ಮುಖಕ್ಕೂ ಬರ್ಲಿ!"

ದೊಡ್ಡಮ್ಮನ ಕೈ ನನ್ನ ಕೆನ್ನೆಗೆ ಫಟಾರನೆ ಬಿತ್ತು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಆ ಹರಕೆಗೆ ನನಗೆ ಅಂದೂ ನಾಚಿಕೆಯಾಗಲಿಲ್ಲ, ಇಂದೂ ಇಲ್ಲ.

ಮನೆಗೆ ಬಂದ ಅಜ್ಜಿ ಎಲೆಯಡಿಕೆಯ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಕುತ್ತಿಗೆಗೆ ಹಚ್ಚಿಕೊಂಡಳು. ನರಹುಲಿ ಬೀಳಲಿಲ್ಲ, ಚರ್ಮ ಸುಟ್ಟು ಕೀವಾಯಿತು, ಜ್ವರ ಏರಿತು. ಅಮ್ಮ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಮರಾಠಿಯವರು. ಶಾಲೆಯಲ್ಲಿ ಮರಾಠಿ ಕಲಿತಿದ್ದ ನಾನು ನಡುವೆ ನಿಂತು ಹೇಳುತ್ತಾ ಹೋದೆ.

"ಇದು ನಿಜವಾದ ನರೂಲಿ ಅಲ್ಲಂತೆ, ಕೂದ್ಲು ಹಣ್ಣಾಗ್ತದಲ್ಲ, ಹಾಗೇ ಪ್ರಾಯಕ್ಕೆ ಬರುದಂತೆ ಅಜ್ಜಿ. ಕೆಡುಕಿನದ್ದಲ್ಲಂತೆ. ಹಾಗೇ ಬಿಟ್ರೂ ಆಗ್ತದಂತೆ. ಬೇಡ ಅಂದ್ರೆ ಮರಗಟ್ಟಿಸಿ ಜೋತಾಡುದನ್ನ ಕತ್ತರಿಸ್ತಾರಂತೆ, ಕೆನ್ನೆದನ್ನ ಕರೆಂಟಲ್ಲಿ ಸುಡ್ತಾರಂತೆ. ಮನೇಲಿ ಸುಣ್ಣ ಗಿಣ್ಣ ಹಚ್ಚಿದ್ರೆ ಬೈತಾರಂತೆ. ಬಣ್ಣ ಬದಲಾದ್ರೆ, ರಕ್ತ ಬಂದ್ರೆ ಮಾತ್ರ ತಡ ಮಾಡ್ದೆ ಬರ್ಬೇಕಂತೆ."

"ಅಂಟುದಾ? ಸಮಾ ಕೇಣ್ ಹೆಣೆ."

ನಾನು ಮತ್ತೆ ಕೇಳಿದೆ. "ನಾಹೀ ಆಜೀ, ಅಜಿಬಾತ್ ನಾಹೀ" ಎಂದು ಡಾಕ್ಟರು ಜೋರಾಗಿ ತಲೆಯಾಡಿಸಿದರು. ಆ ‘ಇಲ್ಲವೇ ಇಲ್ಲ’ ಅಜ್ಜಿಗೆ ಅನುವಾದವಿಲ್ಲದೆಯೇ ತಿಳಿಯಿತು.

"ಆದ್ರೂ ಎಲ್ಲ ತೆಗೂಕ್ ಹೇಳ್. ಬಪ್ಪು ವರ್ಷ ಚೌತಿಗೆ ಪಂಚಕಜ್ಜಾಯ ನಾನೇ ಮಾಡೂದ್."

ಗಾಯ ಮಾಗಿದ ಮೇಲೆ ಎಲ್ಲವನ್ನೂ ತೆಗೆಸಿದಳು. ಮಲಗುವಾಗ ಕೈ ಹಾಕಿದರೆ ಒತ್ತಲು ಏನೂ ಇರಲಿಲ್ಲ. ನನಗೆ ಅಳು ಬಂತು, ಆದರೆ ಅಜ್ಜಿ ಕನ್ನಡಿ ಕೆಳಗಿಡುತ್ತಿರಲಿಲ್ಲ.

ಮುಂದಿನ ಚೌತಿಗೆ ಸೆರಗು ಸರಿಸಿ, ಕುತ್ತಿಗೆ ಎತ್ತಿಕೊಂಡೇ ವಾಶಿಯ ಮನೆಯ ಹೊಸ್ತಿಲು ದಾಟಿದಳು. ದೊಡ್ಡಮ್ಮ ಆ ಕುತ್ತಿಗೆಯ ಕಡೆ ನೋಡಲೂ ಇಲ್ಲ.

"ಈ ಸರ್ತಿ ಪ್ರಸಾದಕ್ಕೆ ಹೊರಗೆ ಆರ್ಡರ್ ಕೊಟ್ಟಿದ್ದೇವೆ ಅತ್ತೆ. ನೀವು ಆರಾಮ ಕೂತ್ಕೊಳ್ಳಿ."

ಅಂಟುವುದೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಅಜ್ಜಿಯೇ ಬೇಡವಾಗಿದ್ದಳು. ಅಜ್ಜಿ ಮತ್ತೆ ಯಾರ ಮನೆಯಲ್ಲೂ ಪಂಚಕಜ್ಜಾಯ ಕಲಸಲಿಲ್ಲ, ನಮ್ಮ ಮನೆಯಲ್ಲೂ. ಎರಡು ಮಳೆಗಾಲ ಕಳೆದ ಮೇಲೆ ತೀರಿಹೋದಳು. ಆ ರುಚಿ ಈಗ ಡಬ್ಬದ ಪ್ರಸಾದದಲ್ಲಿಲ್ಲ, ಅಮ್ಮನ ಕೈಯಲ್ಲೂ ಇಲ್ಲ.

ಈಗ ನಾನು ಡೊಂಬಿವಲಿಯಲ್ಲಿದ್ದೇನೆ. ಹೋದ ತಿಂಗಳು ದೊಡ್ಡಮ್ಮನ ಫೋನು ಬಂತು.

"ಕುತ್ತಿಗೆ ತುಂಬ ನರೂಲಿ ಆಗಿದೆ ಮಾರಾಯ್ತಿ. ಅಂಟ್ತದೆ ಅಂತ ಸೊಸೆ ಮಗುವನ್ನು ಎತ್ಲಿಕ್ಕೆ ಬಿಡುದಿಲ್ಲ. ನನ್ನ ಮಾತು ಕೇಳುದಿಲ್ಲ ಅವಳು. ನಿನಗೆ ಗೊತ್ತುಂಟಲ್ಲ, ಅಂಟುದಿಲ್ಲ ಅಂತ ನೀನೊಮ್ಮೆ ಹೇಳು."

ಎಷ್ಟು ವರ್ಷದಿಂದ ಕಾದಿದ್ದ ಮಾತು! "ಅಂಟುದಿಲ್ಲ ದೊಡ್ಡಮ್ಮ" ಎಂದೆ. "ಅಜ್ಜಿಯದ್ದೂ ಅಂಟ್ತಿರ್ಲಿಲ್ಲ."

"ಹೌದಾ? ಅತ್ತೆಗೂ ಇತ್ತಾ? ನನಗೆ ನೆನಪೇ ಇಲ್ಲ ನೋಡು."

ಅಜ್ಜಿ ಇದ್ದಿದ್ದರೆ ಆ ಕ್ಷಣವೇ ನನ್ನ ಕಿವಿ ಹಿಂಡಿ ಸೊಸೆಗೆ ಫೋನ್ ಮಾಡಿಸುತ್ತಿದ್ದಳು. ಅಜ್ಜಿ ಇಲ್ಲ. ನಾನು ಇನ್ನೂ ಮಾಡಿಲ್ಲ.